ಡೀಸೆಲ್ ಕಾರು ಅಗ್ಗವೇ? ಸಾಲಕ್ಕೆ ಸಹಿ ಹಾಕುವ ಮುಂಚೆ ಲೆಕ್ಕ ಹಾಕಿ

‘ಕಾರು ತಗೊಂಡ್ರೆ ಡೀಸೆಲ್ಲೇ ತಗೋಬೇಕು’ ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿದೆ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರ ಕೇಂದ್ರ ಸರ್ಕಾರದ ಹಿಡಿತದಲ್ಲಿತ್ತು, ಪೆಟ್ರೋಲ್‌ಗಿಂತ ಬಹಳ ಅಗ್ಗವಿತ್ತು. ಆಗ ಆ ಮಾತು ಸರಿ. ಈಗಲೂ ಸರಿಯೇ?

ಲೀಟರಿಗೆ ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ಪೆಟ್ರೋಲ್ ಕಾರು 16, ಡೀಸೆಲ್ ಕಾರು 20 ಕಿಲೋಮೀಟರ್ ಮೈಲೇಜ್ ಕೊಟ್ಟರೆ, ಡೀಸೆಲ್‌ನಲ್ಲಿ ಉಳಿಯುವುದು ಕಿಲೋಮೀಟರಿಗೆ ಸುಮಾರು 1.90 ರೂಪಾಯಿ. ಡೀಸೆಲ್ ಕಾರಿನ ಬೆಲೆ 1.2 ಲಕ್ಷ ಹೆಚ್ಚಿದ್ದರೆ, ಅದು ವಾಪಸ್ ಬರಲು ಸುಮಾರು 63 ಸಾವಿರ ಕಿಲೋಮೀಟರ್ ಓಡಿಸಬೇಕು. ಸಂತೆ, ಆಸ್ಪತ್ರೆ, ಮದುವೆ ಎಂದು ವರ್ಷಕ್ಕೆ 8 ಸಾವಿರ ಓಡಿಸುವವರಿಗೆ ಹೆಚ್ಚುಕಡಿಮೆ 8 ವರ್ಷ! ಅಷ್ಟರಲ್ಲಿ ಸಾಲದ ಕಂತೇ ಮುಗಿದಿರುತ್ತದೆ. ಆ ಹೆಚ್ಚುವರಿ ಹಣಕ್ಕೆ ಕಟ್ಟುವ ಬಡ್ಡಿ ಬೇರೆ. ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಕಾರಿನ ಬೆಲೆ ನೋಡಿ ಹಾಕುವುದರಿಂದ ಅದೂ ಜಾಸ್ತಿ.

ಇನ್ನೊಂದು ವಿಷಯ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದಿದೆ. ಹೊಸ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಬರೀ ಊರಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ರಿಪೇರಿ ಖರ್ಚು ಬೀಳಬಹುದು.

ಬಾಡಿಗೆಗೆ ಓಡಿಸುವವರು, ವರ್ಷಕ್ಕೆ 25 ಸಾವಿರ ಕಿಲೋಮೀಟರ್ ದಾಟುವವರು ಡೀಸೆಲ್ ತೆಗೆದುಕೊಳ್ಳಲಿ. ಎರಡೂವರೆ ವರ್ಷದಲ್ಲಿ ಗಿಟ್ಟುತ್ತದೆ. ಮನೆ ಬಳಕೆಗಾದರೆ ಪೆಟ್ರೋಲೇ ವಾಸಿ ಎನ್ನುತ್ತೇವೆ ನಾವು. ಶೋರೂಮಿಗೆ ಹೋಗುವ ಮುಂಚೆ ನಿಮ್ಮ ವರ್ಷದ ಓಡಾಟವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೈಲೇಜ್ ಹೇಳಲು ಹತ್ತು ಜನ ಬರುತ್ತಾರೆ, ಕಂತು ಕಟ್ಟುವವರು ನೀವೊಬ್ಬರೇ.