ಅಗ್ಗದ ವಿಮಾನ ಮತ್ತು ಕಾರ್ಮಿಕ ಸಂಘ

ವಿಮಾನದ ಟಿಕೇಟು ಅಗ್ಗವಾಗಿರಬೇಕಾದರೆ ಅದರಲ್ಲಿ ದುಡಿಯುವವರು ಬಾಯಿ ಮುಚ್ಚಿಕೊಂಡಿರಬೇಕು ಎಂಬ ವಾದ ಬಲವಾಗಿ ಕೇಳಿಬರುತ್ತಿದೆ. 2025ರ ಡಿಸೆಂಬರಿನಲ್ಲಿ ಇಂಡಿಗೋ ಕಂಪನಿಯು ಕೆಲವೇ ದಿನಗಳಲ್ಲಿ ಸಾವಿರಾರು ಹಾರಾಟಗಳನ್ನು ರದ್ದು ಮಾಡಿ, ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಿಲ್ದಾಣಗಳಲ್ಲೆಲ್ಲ ಜನರನ್ನು ಗೋಳಾಡಿಸಿದಾಗ, ಪೈಲಟರ ವಿಶ್ರಾಂತಿಯ ಹೊಸ ನಿಯಮಗಳ ಮೇಲೆ ತಪ್ಪು ಹೊರಿಸಿದವರು ಕಡಮೆಯಿರಲಿಲ್ಲ. ವಾರಕ್ಕೆ 36 ಗಂಟೆಗಳಿದ್ದ ವಿಶ್ರಾಂತಿಯನ್ನು 48 ಗಂಟೆಗಳಿಗೆ ಏರಿಸಿದ, ರಾತ್ರಿ ವೇಳೆ ವಿಮಾನ ಇಳಿಸುವುದಕ್ಕೆ ಮಿತಿ ಹಾಕಿದ ನಿಯಮಗಳವು. ಪ್ರಕಟವಾದದ್ದು 2024ರ ಜನವರಿಯಲ್ಲಿ. ಅವು ಜಾರಿಗೆ ಬರಲು ಪೈಲಟರ ಸಂಘಗಳು ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು. ಇಷ್ಟು ಕಾಲಾವಕಾಶವಿದ್ದೂ ಕಂಪನಿಯು ಬೇಕಾದಷ್ಟು ಪೈಲಟರನ್ನು ಸಿದ್ಧಮಾಡಿಕೊಳ್ಳಲಿಲ್ಲ. ಕೊನೆಗೆ ಸರ್ಕಾರ ಮಾಡಿದ್ದೇನು? ರಾತ್ರಿ ಹಾರಾಟದ ಕಟ್ಟಳೆಯಿಂದ ಕಂಪನಿಗೇ ತಾತ್ಕಾಲಿಕ ವಿನಾಯಿತಿ ದಯಪಾಲಿಸಿತು!

ಅಗ್ಗದ ವಿಮಾನದ ಲಾಭ ಹುಟ್ಟುವುದೆಲ್ಲಿ ಎಂಬುದನ್ನು ನೋಡಿದರೆ ಈ ವಾದದ ಪೊಳ್ಳುತನ ತಾನಾಗಿ ಬಯಲಾಗುತ್ತದೆ.

ಬಸ್ಸು ನಿಂತಷ್ಟು ಹೊತ್ತೂ ಮಾಲೀಕನಿಗೆ ನಷ್ಟವೆಂಬುದನ್ನು ನಮ್ಮ ಮಲೆನಾಡಿನ ಖಾಸಗಿ ಬಸ್ಸಿನ ಏಜೆಂಟರಿಗೆ ಯಾರೂ ಕಲಿಸಬೇಕಾಗಿಲ್ಲ. ವಿಮಾನದ್ದೂ ಅದೇ ಲೆಕ್ಕ. ನೆಲದ ಮೇಲೆ ನಿಂತ ವಿಮಾನಕ್ಕೂ ಬಾಡಿಗೆ, ಬಡ್ಡಿ ಏರುತ್ತಲೇ ಇರುತ್ತವೆ. ಅಮೆರಿಕದ ಸೌತ್‌ವೆಸ್ಟ್ ಕಂಪನಿ 1971ರಲ್ಲಿ ಮೂರು ಬೋಯಿಂಗ್ 737 ವಿಮಾನಗಳಿಂದ ಟೆಕ್ಸಾಸ್ ಪ್ರಾಂತದೊಳಗೆ ಹಾರಾಟ ಆರಂಭಿಸಿತು. ಮರುವರ್ಷ ಕೈಯಲ್ಲಿ ಕಾಸಿಲ್ಲದೆ, ಅಷ್ಟರಲ್ಲಿ ನಾಲ್ಕಾಗಿದ್ದ ವಿಮಾನಗಳಲ್ಲಿ ಒಂದನ್ನು ಮಾರಿತು. ನಾಲ್ಕು ವಿಮಾನಗಳ ವೇಳಾಪಟ್ಟಿಯನ್ನು ಮೂರರಿಂದ ನಡೆಸುವುದು ಹೇಗೆ? ಬಂದಿಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಿಸಿದರೆ ಸಾಧ್ಯ. ಸಾಮಾನು ಇಳಿಸುವವರು, ಎಣ್ಣೆ ತುಂಬುವವರು, ಕಸ ಗುಡಿಸುವವರು ಎಲ್ಲರೂ ಸೇರಿ ಅದನ್ನು ಮಾಡಿ ತೋರಿಸಿದರು. ಒಂದೇ ಜಾತಿಯ ವಿಮಾನಗಳಾದ್ದರಿಂದ ತರಬೇತಿಯೂ ಒಂದೇ, ಬಿಡಿಭಾಗಗಳ ದಾಸ್ತಾನೂ ಒಂದೇ. ಆ ಕಂಪನಿ 1973ರಿಂದ 2019ರ ವರೆಗೆ 47 ವರ್ಷ ಸತತವಾಗಿ ಲಾಭ ಗಳಿಸಿತು. ಇನ್ನೊಂದು ಸಂಗತಿಯನ್ನು ಮಾತ್ರ ಮಾಲೀಕರ ಪತ್ರಿಕೆಗಳು ಹೇಳುವುದು ಅಪರೂಪ. ಅಲ್ಲಿನ ನೌಕರರಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಕಾರ್ಮಿಕ ಸಂಘಗಳಿಗೆ ಸೇರಿದವರು.

ಐರ್ಲೆಂಡಿನ ರಯನೇರ್ ಕಂಪನಿ ಈ ವಿದ್ಯೆಯನ್ನೆಲ್ಲ ಸೌತ್‌ವೆಸ್ಟಿನಿಂದ ಕಲಿಯಿತು, ಸಂಘವೊಂದನ್ನು ಬಿಟ್ಟು. ಅದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಅದು ಸಾಗಿಸಿದವರು ಸುಮಾರು 20 ಕೋಟಿ ಮಂದಿ, ಗಳಿಸಿದ ನಿವ್ವಳ ಲಾಭ ಸುಮಾರು 161 ಕೋಟಿ ಯೂರೋ. ತಲೆಗೆ ಎಂಟು ಯೂರೋ ಮಾತ್ರ. ಟಿಕೇಟಿನ ಹೊರತಾಗಿ, ಚೀಲಕ್ಕೆ, ಬೇಕಾದ ಸೀಟಿಗೆ, ತಿಂಡಿ ಪಾನೀಯಕ್ಕೆ, ಬೇಗ ಹತ್ತಿಸುವುದಕ್ಕೆ ವಸೂಲು ಮಾಡಿದ್ದೋ ಸುಮಾರು 470 ಕೋಟಿ ಯೂರೋ! ಒಟ್ಟು ಆದಾಯದ ಮೂರನೆಯ ಒಂದು ಪಾಲು. ಈ ಬಾಬತ್ತಿಲ್ಲದಿದ್ದರೆ ಕಂಪನಿಗೆ ಲಾಭದ ಮಾತೇ ಇರುತ್ತಿರಲಿಲ್ಲ. ಅಗ್ಗದ ಟಿಕೇಟು ಅಂಗಡಿಯ ಬಾಗಿಲಿಗೆ ಕಟ್ಟಿದ ತೋರಣ. ವ್ಯಾಪಾರ ನಡೆಯುವುದು ಒಳಗೆ. (ಚೀಲಕ್ಕೆ ಕಾಸು ಕೇಳದ ಸೌತ್‌ವೆಸ್ಟ್ ಕೂಡ 2025ರಲ್ಲಿ ಷೇರುದಾರರ ಒತ್ತಡಕ್ಕೆ ಮಣಿದು ಆ ದಾರಿ ಹಿಡಿಯಿತು.)

ಇದೇ ರಯನೇರ್ ದಶಕಗಳ ಕಾಲ ಸಂಘಗಳನ್ನು ಹತ್ತಿರ ಸೇರಿಸಲಿಲ್ಲ. ಪೈಲಟರಲ್ಲಿ ಬಹುಮಂದಿಯನ್ನು ಏಜೆನ್ಸಿಗಳ ಮೂಲಕ ಗುತ್ತಿಗೆಯ ಮೇಲೆ ಇಟ್ಟುಕೊಂಡಿತು. ಫಲವೇನಾಯಿತು? 2017ರ ಸೆಪ್ಟೆಂಬರಿನಲ್ಲಿ ಪೈಲಟರ ರಜೆಯ ಏರ್ಪಾಟು ಕೆಟ್ಟು ಸುಮಾರು 2,000 ಹಾರಾಟಗಳು ರದ್ದಾದವು; ಮುಂದೆ ಚಳಿಗಾಲದ ಇನ್ನೂ ಸಾವಿರಾರು ಹಾರಾಟಗಳು ಹೋದವು. ಇಂಡಿಗೋದ ಕಥೆಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆದರೆ ಮುಂದಿನ ಅಧ್ಯಾಯ ಬೇರೆ. ಕ್ರಿಸ್‌ಮಸ್ ಹೊತ್ತಿಗೆ ಮುಷ್ಕರದ ನೋಟೀಸು ಬಂತು. ಡಿಸೆಂಬರಿನಲ್ಲಿ ಕಂಪನಿ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪೈಲಟರ ಸಂಘಗಳನ್ನು ಮಾನ್ಯ ಮಾಡಲು ಒಪ್ಪಿತು. 2018ರಲ್ಲಿ ಹಲವು ದೇಶಗಳಲ್ಲಿ ಮುಷ್ಕರಗಳೂ ನಡೆದವು. ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಲೆ ಹೇಳಿದ 161 ಕೋಟಿ ಯೂರೋ ಲಾಭ ಬಂದದ್ದು ಸಂಘಗಳನ್ನು ಒಪ್ಪಿಕೊಂಡ ನಂತರವೇ.

ವಿಮಾನಕ್ಕೆ ಬಿಡುವು ಬೇಡ, ನಿಜ. ಯಂತ್ರ ನಡೆಸುವ ಮನುಷ್ಯನಿಗೆ ಬೇಕು. ಯಂತ್ರ ಬಿಡುವಿಲ್ಲದೆ ಓಡಬೇಕಾದರೆ ಪಾಳಿಗೆ ಹೆಚ್ಚು ಜನರನ್ನು ಹಾಕಬೇಕು. ಆ ಖರ್ಚನ್ನು ಉಳಿಸಲು ಹೋಗಿ ಇದ್ದವರ ನಿದ್ದೆಗೆ ಕೈಹಾಕುವುದು ವ್ಯಾಪಾರದ ಜಾಣತನವಲ್ಲ, ಪ್ರಯಾಣಿಕರ ಜೀವದೊಡನೆ ಜೂಜು. ರಾತ್ರಿ ಬಸ್ಸಿನ ಡ್ರೈವರು ತೂಕಡಿಸಿದರೆ ಏನಾದೀತೆಂದು ಆಗುಂಬೆ ಘಾಟಿ ಇಳಿದವರೆಲ್ಲ ಬಲ್ಲರು.

ಸಾಮಾನ್ಯ ಜನ ವಿಮಾನ ಹತ್ತುವುದನ್ನು ಸಮಾಜವಾದಿಗಳು ವಿರೋಧಿಸಬೇಕಿಲ್ಲ. ಆದರೆ ಈ ಕಂಪನಿಗಳು ಕೇವಲ ತಮ್ಮ ಬಂಡವಾಳದ ಮೇಲೆ ಹಾರುತ್ತಿಲ್ಲ. 2023ರಲ್ಲಿ ತೆರೆದ ನಮ್ಮ ಸೋಗಾನೆಯ ನಿಲ್ದಾಣವನ್ನು ಕಟ್ಟಿದ್ದು ಸರ್ಕಾರದ ಹಣ, ನಡೆಸುತ್ತಿರುವುದು ರಾಜ್ಯ ಸರ್ಕಾರದ್ದೇ ಸಂಸ್ಥೆ. ಉಡಾನ್ ಯೋಜನೆಯ ಮಾರ್ಗಗಳಲ್ಲಿ ಕಂಪನಿಗಳ ಕೊರತೆಯನ್ನು ತುಂಬಿಕೊಡುವ ವ್ಯವಸ್ಥೆಯೂ ಇದೆ. ಕೊಡುವ ಕೈಗೆ ಷರತ್ತು ಹಾಕುವ ಹಕ್ಕೂ ಇದೆ. ವಿಶ್ರಾಂತಿಯ ನಿಯಮದಿಂದ ವಿನಾಯಿತಿ ಕೇಳಿ ಯಾವ ಕಂಪನಿ ಬಂದರೂ, ಪೈಲಟರ ಮತ್ತು ವಿಮಾನ ಸಿಬ್ಬಂದಿಯ ಸಂಘಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸದೆ ಕೊಡಕೂಡದು. ಎಷ್ಟು ವಿಮಾನಕ್ಕೆ ಎಷ್ಟು ಪೈಲಟರಿದ್ದಾರೆಂಬ ಲೆಕ್ಕವನ್ನು ಪ್ರತಿ ವೇಳಾಪಟ್ಟಿಗೂ ಮೊದಲೇ ಬಹಿರಂಗಪಡಿಸುವಂತೆ ಕಟ್ಟುಮಾಡಬೇಕು. ಈ ಜಿಲ್ಲೆಯಿಂದ ಲೋಕಸಭೆಗೆ ಹೋದವರು ಅಲ್ಲಿ ಕೇಳಬೇಕಾದ ಪ್ರಶ್ನೆ ಇದು.