ಮೂತ್ರಕ್ಕೆ ಇರುವೆ ಮುತ್ತದಿದ್ದರೆ ಶುಗರ್ ಇಲ್ಲವೇ?

ಮೂತ್ರ ಮಾಡಿದ ಜಾಗಕ್ಕೆ ಇರುವೆ ಬಂದರೆ ಮಾತ್ರ ಸಕ್ಕರೆ ಕಾಯಿಲೆ, ಇಲ್ಲದಿದ್ದರೆ ಚಿಂತೆಯಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಇದು ನಿಜವೇ?

ಅರ್ಧ ಮಾತ್ರ ನಿಜ. ರಕ್ತದಲ್ಲಿ ಸಕ್ಕರೆ ಪ್ರತಿ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳು ಅದನ್ನು ಪೂರ್ತಿ ತಡೆಹಿಡಿಯಲಾರವು. ಆಗ ಸಕ್ಕರೆ ಮೂತ್ರಕ್ಕೆ ಸೇರುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಪದೇಪದೇ ಮೂತ್ರ ಬರುವುದು, ಬಾಯಾರಿಕೆಯಾಗುವುದು ಇದರಿಂದಲೇ.

ಆದರೆ ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚಿದ್ದರೇ ಅದು ಮಧುಮೇಹದ ಮಟ್ಟ. 140 ಇದ್ದಾಗ ಮೂತ್ರದಲ್ಲಿ ಸಕ್ಕರೆ ಕಾಣದೇ ಇರಬಹುದು. ಇರುವೆಯನ್ನು ನಂಬಿ ಕೂತರೆ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ.

ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿರದಿದ್ದರೆ ಮೂತ್ರಕೋಶದ ನರಗಳಿಗೂ ಹಾನಿಯಾಗಬಹುದು. ಕೋಶ ತುಂಬಿದ್ದು ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಉಳಿದ ಮೂತ್ರದಲ್ಲಿ ಸೋಂಕು ಸುಲಭವಾಗಿ ಹುಟ್ಟುತ್ತದೆ.

ಹಾಗೆಂದು ಪದೇಪದೇ ಮೂತ್ರ ಬಂದರೆಲ್ಲ ಶುಗರ್ ಅಲ್ಲ. ಉರಿ ಇದ್ದರೆ ಸೋಂಕಿರಬಹುದು; ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು; ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಕಾರಣವಾಗಬಹುದು.

ಏನು ಮಾಡಬೇಕು?

- ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಅಥವಾ ಎಚ್‌ಬಿಎ1ಸಿ ಮಾಡಿಸಿ. ಎಚ್‌ಬಿಎ1ಸಿ ಶೇ. 6.5 ಮುಟ್ಟಿದರೆ ಮಧುಮೇಹದ ಮಟ್ಟ.
- ಮೂತ್ರ ಹೆಚ್ಚೆಂದು ನೀರು ಬಿಡಬೇಡಿ. ಶುಗರ್ ಹೆಚ್ಚಿದ್ದಾಗ ಹಾಗೆ ಮಾಡಿದರೆ ದೇಹ ಒಣಗುತ್ತದೆ.
- ಮೂತ್ರ ಕಟ್ಟಿಕೊಂಡರೆ, ರಕ್ತ ಕಂಡರೆ, ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಇರುವೆಯ ಮೆಸೇಜ್ ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ. ಅದನ್ನು ನಂಬಿ ನಿಮ್ಮ ಮನೆಯವರೇ ಪರೀಕ್ಷೆ ಮುಂದೂಡಬಹುದು.