ಎತ್ತಿಡಲು ಇಷ್ಟೇಕೆ ಅಂಜಿಕೆ?

ಹೆಗೆಲ್ ಬಗ್ಗೆ ಬರೆಯುವ ನಮ್ಮವರಲ್ಲಿ ಹಲವರು 'ಔಫ್‌ಹೇಬೆನ್' ಎಂಬ ಪದ ಬಂದೊಡನೆ ಗರ್ಭಗುಡಿಯ ಮುಂದೆ ನಿಂತವರಂತೆ ದನಿ ತಗ್ಗಿಸುತ್ತಾರೆ. ಅದು ಅನುವಾದಕ್ಕೆ ಒಗ್ಗದ ಪದವಂತೆ. ಎತ್ತು, ಉಳಿಸು, ರದ್ದುಮಾಡು ಎಂಬ ಮೂರೂ ಅರ್ಥಗಳು ಅದರೊಳಗೆ ಸದಾ ಒಟ್ಟಿಗೇ ಮಿಡಿಯುತ್ತಿರುತ್ತವಂತೆ. ಈ ಭಯಭಕ್ತಿಗೆ ನನ್ನ ತಕರಾರಿದೆ.

ಇದು ದಿನಬಳಕೆಯ ಕ್ರಿಯಾಪದ. ನೆಲಕ್ಕೆ ಬಿದ್ದ ಪೆನ್ನನ್ನು ಎತ್ತಿಕೊಳ್ಳುವುದು ಔಫ್‌ಹೇಬೆನ್, ಹಳೆಯ ಕಾಗದಗಳನ್ನು ಜೋಪಾನ ಮಾಡುವುದೂ ಅದೇ, ಕಾನೂನನ್ನು ರದ್ದುಮಾಡುವುದೂ ಅದೇ. ಯಾವ ಅರ್ಥವೆಂದು ಸಂದರ್ಭ ಹೇಳುತ್ತದೆ. ಕಾನೂನು ರದ್ದಾದ ಸುದ್ದಿ ಓದಿದ ಬರ್ಲಿನ್ನಿನವನಿಗೆ ಅದನ್ನು ಕಪಾಟಿನಲ್ಲಿ ಜೋಪಾನ ಮಾಡಿದರೇನೋ ಎಂಬ ಅನುಮಾನ ಬರುವುದಿಲ್ಲ. ಉಳಿಸುವುದನ್ನೂ ಕೊನೆಗಾಣಿಸುವುದನ್ನೂ ಬೇಕೆಂದೇ ಒಟ್ಟಿಗೆ ಹಿಡಿದವನು ಹೆಗೆಲ್. ಭಾಷೆಯಲ್ಲೇ ಇಂಥ ಪದವಿದೆಯೆಂದು ಅವನು ಹಿಗ್ಗಿದ್ದೂ ಉಂಟು. ಹಿಗ್ಗಲಿ, ಕೆಲಸ ಮಾತ್ರ ಅವನದೇ.

ಇನ್ನು ವ್ಯಾಕರಣ. 'ಇಖ್ ಹೇಬೆ ದೆನ್ ಬ್ರೀಫ್ ಔಫ್' ಎಂದರೆ ನಾನು ಕಾಗದವನ್ನು ಎತ್ತಿಡುತ್ತೇನೆ. 'ಹೇಬೆ' ಎರಡನೆಯ ಸ್ಥಾನದಲ್ಲಿ ನಿಂತರೆ 'ಔಫ್' ಕಳಚಿಕೊಂಡು ವಾಕ್ಯದ ತುದಿಗೆ ಹೋಗುತ್ತದೆ. ಕೃದಂತದಲ್ಲಿ ನಡುವೆ 'ಗೆ' ತೂರಿಕೊಂಡು 'ಔಫ್‌ಗೆಹೋಬೆನ್' ಆಗುತ್ತದೆ, ಅಧೀನ ವಾಕ್ಯದಲ್ಲಿ ಎರಡೂ ಮತ್ತೆ ಕೂಡಿಕೊಳ್ಳುತ್ತವೆ. ಮಾರ್ಕ್ ಟ್ವೇನ್ 1880ರಲ್ಲೇ ಈ ಸೀಳು ಕ್ರಿಯಾಪದಗಳನ್ನು ಗೇಲಿ ಮಾಡಿದ. ಆ ಗೇಲಿಗೆ ನಾವೂ ತಲೆದೂಗುವುದು ತಮಾಷೆಯೇ. ವಾಕ್ಯ ಮುಗಿಯುವತನಕ ಕ್ರಿಯಾಪದಕ್ಕೆ ಕಾಯುವುದು ಕನ್ನಡಿಗನಿಗೆ ಹೊಸತೇ?

ನನ್ನ ನಿಜವಾದ ಜಗಳ ಅನುವಾದದ್ದು. ಇಂಗ್ಲಿಷಿನವರು ಲ್ಯಾಟಿನ್ನಿಗೆ ಹೋಗಿ 'ಸಬ್ಲೇಷನ್' ತಂದರು. ಮನೆಯಲ್ಲಿ ಯಾರೂ ಆಡದ ಮಾತು. ಅದನ್ನು ನಾವು ಹಾಗೇ ಎರವಲು ಪಡೆಯುತ್ತೇವೆ, ಇಲ್ಲವೇ ಅದಕ್ಕಿಂತ ಗಡುಸಾದ ಸಂಸ್ಕೃತ ಸಮಾಸವೊಂದನ್ನು ಹೊಸೆದು ವಿದ್ಯಾರ್ಥಿಯ ತಲೆಗೆ ಕಟ್ಟುತ್ತೇವೆ. ದೆರಿದಾ ಫ್ರೆಂಚಿಗೆ ಆರಿಸಿದ 'ರೆಲೆವ್' ನೋಡಿ: ಕಾವಲುಗಾರರ ಪಾಳಿ ಬದಲಾಗುವುದಕ್ಕೂ ಜನ ಬಳಸುವ ಪದ.

ನಮ್ಮಲ್ಲಿ 'ಎತ್ತು' ಇಲ್ಲವೇ? ಮಗುವನ್ನು ಎತ್ತಿಕೊಳ್ಳುತ್ತೇವೆ, ಮಿಕ್ಕ ಹೋಳಿಗೆಯನ್ನು ನಾಳೆಗೆ ಎತ್ತಿಡುತ್ತೇವೆ, ಬೇಡವಾದ ಅಧಿಕಾರಿಯನ್ನು ಎತ್ತಂಗಡಿ ಮಾಡುತ್ತೇವೆ. ಜರ್ಮನ್ನಿನಲ್ಲಿ ಒಂದೇ ರೂಪ, ನಮ್ಮಲ್ಲಿ ಮೂರು ಎಂದು ಪಂಡಿತರು ಆಕ್ಷೇಪಿಸಬಹುದು. ನಿಜವೇ. ಆ ವ್ಯತ್ಯಾಸಕ್ಕೆ ಒಂದು ಅಡಿಟಿಪ್ಪಣಿ ಸಾಕು. ಪಠ್ಯದಲ್ಲಿ 'ಎತ್ತಿಡು' ಎಂದೇ ಬರೆಯಿರಿ, ರದ್ದತಿಯ ಅರ್ಥ ಮುಂದಾಗುವಲ್ಲಿ ಅದನ್ನೂ ಬಿಡಿಸಿ ಹೇಳಿ. ಹೆಗೆಲನನ್ನು ಮೊದಲ ಸಲ ಓದುವ ಹುಡುಗಿ ಆಗ ಜಗಳವಾಡಬೇಕಾದದ್ದು ಅವನ ವಾದದ ಜೊತೆ, ನಮ್ಮ ನಿಘಂಟಿನ ಜೊತೆಯಲ್ಲ.